ಹೆಸರಿಗೆ ಎದ್ದ ಅಲೆ

“ಶೈಲೇಶಾ...”

ರೋಗಿಯ ಇಯರ್‌ಫೋನಿನಲ್ಲಿ ತಾಯಿಯ ರೆಕಾರ್ಡ್ ಮಾಡಿದ ದನಿ ಕೇಳಿದ್ದೇ ತಡ, ಪರದೆಯ ಮೇಲೆ ಅಲೆ ಎದ್ದಿತು. ಮಿದುಳಿನ ಅಲೆ ಅಳೆಯುವ ಟೆಕ್ನಿಷಿಯನ್ ಫಿಯೋನಾ ಮತ್ತೆ ಮತ್ತೆ ಕೇಳಿಸಿದಳು. ಪ್ರತಿಸಲವೂ ಎದ್ದಿತು.

ಏನೂ ನೆನಪಿಲ್ಲ ಎನ್ನುವವನ ತಲೆಯೊಳಗೆ ಇಷ್ಟು ದೊಡ್ಡ ಅಲೆಯೇ?

ನಡುಗಡಲಲ್ಲಿ ಬೋಟಿಗೆ ಬೆಂಕಿ ಬಿದ್ದಾಗ ಬದುಕಿ ಬಂದವನು ಇವನೊಬ್ಬನೇ. ಮುಖ ಗುರುತು ಸಿಗದಷ್ಟು ಸುಟ್ಟಿತ್ತು. ಹೊಗೆ ಕುಡಿದು ದನಿ ಒಡೆದುಹೋಗಿತ್ತು. ಸುಂದರಿ ಎಂಬ ಮುದುಕಿ ಆಸ್ಪತ್ರೆಗೆ ಓಡಿಬಂದು, “ನನ್ನ ಮಗ” ಎಂದು ತಬ್ಬಿಕೊಂಡು, ಕುದ್ರೋಳಿಯ ಮನೆಗೆ ಕರೆದೊಯ್ದಿದ್ದಳು. ಅವನಿಗೆ ಮನೆಯೂ ನೆನಪಿಲ್ಲ, ನೆಂಟರೂ ನೆನಪಿಲ್ಲ. ನೆನಪು ಕೆದಕಿದಾಗ ಮಿದುಳಿನಲ್ಲಿ ಥೀಟಾ ಎಂಬ ನಿಧಾನದ ಅಲೆಗಳು ಬಲಗೊಳ್ಳುತ್ತವೆ. ಅದನ್ನು ನೋಡಲೆಂದೇ ಡಾಕ್ಟರು ಇಲ್ಲಿಗೆ ಕಳಿಸಿದ್ದರು.

ಅಕ್ಕನ ದನಿಗೆ, ನೆರೆಯವರ ದನಿಗೆ ಗೆರೆ ಕದಲಿರಲಿಲ್ಲ. ಆ ಹೆಸರಿಗೆ ಮಾತ್ರ ಎದ್ದಿತು.

ಫಿಯೋನಾ ವೈರುಗಳನ್ನು ಬಿಚ್ಚುತ್ತ ಕೇಳಿದಳು, “ನಿಮಗೆ ನೆನಪುಂಟು. ಯಾಕೆ ಸುಳ್ಳು ಹೇಳ್ತೀರಿ? ಪಾಪ, ಹೊರಗೆ ಅಮ್ಮ ಕಾಯ್ತಾ ಇದ್ದಾರೆ.”

ಅವನು ತನ್ನ ಅಂಗೈ ನೋಡಿಕೊಂಡ.

“ಎಲ್ಲ ನೆನಪುಂಟು ಮೇಡಂ. ಅದೇ ಕಷ್ಟ. ಆ ಹೆಸರನ್ನು ನೀರಲ್ಲಿ ಎಷ್ಟು ಕೂಗಿದ್ದೇನೆ! ಕೈ ಹಿಡಿದಿದ್ದೆ, ಜಾರಿ ಹೋಯ್ತು. ಕಣ್ಣು ಮುಚ್ಚಿದ್ರೆ ಶೈಲೇಶನ ಬೆರಳು ಈಗ್ಲೂ ಇಲ್ಲಿ ಉಂಟು.”

ಫಿಯೋನಾಳ ಕೈ ನಿಂತಿತು.

“ನಾನು ಅಶ್ರಫ್. ಅವನ ಜೊತೆ ಬೋಟಲ್ಲಿದ್ದವ. ನನಗೆ ಹಿಂದೆ ಮುಂದೆ ಯಾರೂ ಇಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಡುವಾಗ ಆ ಅಮ್ಮ ‘ಮಗಾ’ ಅಂತ ಅಳ್ತಾ ಇದ್ರು. ಅಲ್ಲ ಅಂತ ಹೇಗೆ ಹೇಳುವುದು? ನೆನಪಿಲ್ಲ ಅಂದೆ. ಅವರಿಗೆ ಹೇಳ್ಬೇಡಿ ಮೇಡಂ. ಜೀವವೇ ಬಿಟ್ಟಾರು.”

ಅವನನ್ನು ಒಳಗೇ ಕೂರಿಸಿ ಫಿಯೋನಾ ಹೊರಬಂದಳು. ಸುಂದರಿ ಬೆಂಚಿನಿಂದ ದಡಬಡಿಸಿ ಎದ್ದಳು.

“ನೆನಪು ಬಂತಾ?”

“ಇಲ್ಲಮ್ಮಾ. ಇನ್ನು ಬರ್ಲಿಕ್ಕಿಲ್ಲ.” ಫಿಯೋನಾ ಹಿಂದಿನ ಬಾಗಿಲನ್ನು ಎಳೆದು ಮುಚ್ಚಿದಳು.

ಮುದುಕಿ ಅಳಲಿಲ್ಲ. ಉದ್ದಕ್ಕೆ ಉಸಿರು ಬಿಟ್ಟು, ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿ, ಫಿಯೋನಾಳ ಕೈ ಹಿಡಿದುಕೊಂಡಳು.

“ಒಳ್ಳೆಯದಾಯ್ತು ಮಗಾ. ಬೆಳಿಗ್ಗೆ ಪಳ್ಳಿಯಲ್ಲಿ ನಮಾಜಿಗೆ ಬಾಂಗ್ ಕೊಡುವಾಗ ನಿದ್ದೆಯಲ್ಲೇ ಇವನ ತುಟಿ ಅಲುಗ್ತದೆ. ತಾನು ನನ್ನ ಮಗ ಅಲ್ಲ ಅಂತ ಇವನಿಗೆ ನೆನಪಾದ್ರೆ, ಇವನೂ ಹೋಗಿಬಿಡ್ತಾನೆ.”