ಪ್ಲೀಸ್ ತಿಳಿಯದ ಆಟ

ಹಳೆಯ ಕಂಪ್ಯೂಟರಿನ ಬಿಸಿ ಧೂಳಿನ ವಾಸನೆ ಬಂದರೆ ಈಗಲೂ ನನಗೆ ಮೊಮ್ಮಗಳು ಮೇಘಾಳ ಬಾಲ್ಯದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಹತ್ತು ವರ್ಷದ ಹುಡುಗಿ, ಮರುದಿನ ಅಪ್ಪ ಅಮ್ಮನ ಜೊತೆ ದಿಲ್ಲಿಗೆ ಹೊರಡುವವಳಿದ್ದಳು. ಅಲ್ಲಿಂದಲೂ ದಿನಾ ಆಟದೊಳಗೆ ಭೇಟಿಯಾಗೋಣವೆಂದು ನನ್ನನ್ನು ನಮ್ಮ ಬಡಾವಣೆ ಬಿಬವೇವಾಡಿಯ ಸೈಬರ್ ಕೆಫೆಗೆ ಎಳೆದು ತಂದು, ಪಕ್ಕದ ಕಂಪ್ಯೂಟರಿನಲ್ಲಿ ಕೂತು ತನ್ನ ಆನ್‌ಲೈನ್ ಆಟ ಕಲಿಸತೊಡಗಿದಳು. ಒಂದು ಚಿತ್ರವೂ ಇಲ್ಲದ, ಬರೀ ಇಂಗ್ಲಿಷ್ ಅಕ್ಷರಗಳ ಆಟ. ನಾವಿಬ್ಬರೂ ಕತ್ತಲೆ ಗುಹೆಯಲ್ಲಿದ್ದೇವೆ ಎಂದು ಪರದೆ ಹೇಳಿತು.

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ಫುಲ್ ಸೆಂಟೆನ್ಸ್ ಬರೆದೆ: 'ಪ್ಲೀಸ್, ಮೇ ಐ ಗೋ ವಿತ್ ಮೇಘಾ?' ಅರ್ಥವಾಗಲಿಲ್ಲ ಎಂದಿತು ಆಟ. ಕಾಮಾ ತೆಗೆದು ನೋಡಿದೆ. ಮತ್ತೆ ಅದೇ ಉತ್ತರ.

"ಅಜ್ಜಿ, ಅದಕ್ಕ ಪ್ಲೀಸ್ ಗೀಸ್ ತಿಳಿಯಂಗಿಲ್ಲ! 'ಫಾಲೋ ಮೇಘಾ' ಅಂತ ಹೊಡಿ, ಸಾಕು."

"ಅದು ಭಾಳ ರೂಡ್ ಅನಸ್ತದಲ್ಲ, ಬೇಬಿ?"

"ಟೈಮ್ ಮುಗೀಲಿಕ್ಕತ್ತದ! ನೀ ಕಲೀಲಿಲ್ಲಂದ್ರ ಅಲ್ಲಿ ನಾ ಒಬ್ಬಾಕೀನ ಆಗ್ತೀನಿ." ಅವಳ ಕಾಲು ಕುರ್ಚಿಗೆ ಬಡಿಯುತ್ತಲೇ ಇತ್ತು.

ಬೆವರಿದ ಬೆರಳಿನಿಂದ ಆ ಎರಡು ಶಬ್ದ ಒತ್ತಿದೆ. ಅವಳು ತನ್ನ ಕೀಬೋರ್ಡಿನಲ್ಲಿ 'ನಾರ್ತ್' ಎಂದು ಹೊಡೆದಳು. ನಾನು ಏನನ್ನೂ ಮುಟ್ಟಲಿಲ್ಲ. ಆದರೂ ನನ್ನ ಪರದೆಯಲ್ಲೂ ಗುಹೆ ಹಿಂದೆ ಉಳಿಯಿತು. ಅವಳ ಬೆನ್ನಿಗೇ ನಾನೂ ಉತ್ತರಕ್ಕೆ ಹೊರಟಿದ್ದೆ.