ಹಿಡಿದರೆ ನಿಲ್ಲುವ ಕೈ

ಮಗಳು ಈರಕ್ಕನ ಕೈ ಅದುರತೊಡಗಿತು. ಅದನ್ನು ನಿಲ್ಲಿಸಲೆಂದು ತಾಯಿ, ಕಳ್ಳಂಬೆಳ್ಳದ ಹೊನ್ನಕ್ಕ, ಕಬ್ಬಿಣದ ಬೀಗದಕೈ ತೆಗೆಯುವಷ್ಟರಲ್ಲಿ ಸಿರಾದ ಡಾಕ್ಟರಮ್ಮ ಆ ಕೈಯನ್ನು ಬರಿಗೈಯಲ್ಲೇ ಮೆಲ್ಲಗೆ ಹಿಡಿದರು. ಅದುರುವುದು ನಿಂತಿತು.

"ಫಿಟ್ಸ್ ಆಗಿದ್ದರೆ ಹಿಡಿದರೂ ಅದುರುತ್ತಿತ್ತು. ಇದು ಫಿಟ್ಸ್ ಅಲ್ಲಮ್ಮ."

"ಅಂಗಾರೆ ಇಷ್ಟ್ ದಿನ ನಿಲ್ಲಿಸ್ತಿದ್ದದ್ದು ಕಬ್ಬಿಣ ಅಲ್ವಾ?" ಹೊನ್ನಕ್ಕನಿಗೆ ಒಂದೂ ತಿಳಿಯಲಿಲ್ಲ.

ಮನೆಯ ಮೇಕೆಗಳನ್ನು ಎಣಿಸಿ ಹೇಳು ಎಂದು ಡಾಕ್ಟರಮ್ಮ ಹುಡುಗಿಯನ್ನು ಕೇಳಿದರು. "ಐದು, ಆರು" ಎಂದವಳು ತಟ್ಟನೆ ನಿಂತಳು. ಕಣ್ಣು ಗೋಡೆಗೆ ನೆಟ್ಟಿತ್ತು. ಹೆಸರು ಹಿಡಿದು ಕೂಗಿದರೂ ರೆಪ್ಪೆ ಅಲುಗಲಿಲ್ಲ. ಹೊನ್ನಕ್ಕ ಬೀಗದಕೈ ಸಮೇತ ಕೈಮುಗಿದಳು.

"ಕೂಗ್‌ಬ್ಯಾಡಿ ಡಾಕ್ಟ್ರಮ್ಮ, ದ್ಯಾವ್ರು ಬಂದೈತೆ. ದಿನಕ್ಕೆ ಹತ್ ಸಲ ಬತ್ತೈತೆ."

"ಏಳು," ಎಂದಳು ಈರಕ್ಕ, ಏನೂ ಆಗದವಳಂತೆ.

ಡಾಕ್ಟರಮ್ಮ ಹೊನ್ನಕ್ಕನ ಮುಗಿದ ಕೈಗಳನ್ನು ನಿಧಾನವಾಗಿ ಬಿಡಿಸಿದರು.

"ಕೈ ಅದುರಿದ್ದಲ್ಲ, ಹೀಗೆ ನಡುವೆ ಮೈಮರೆತು ನಿಂತಳಲ್ಲ, ಫಿಟ್ಸ್ ಇದು ಕಣಮ್ಮ."