ರೈಟರ ಕೈಗೆ ಬಂದ ಚೊಂಬು

ಕೆಂಪು ಸೋಪಿನ ವಾಸನೆ ಬಂದರೆ ಈಗಲೂ ಪಾಲಿಬೆಟ್ಟದ ಆ ಪವಿತ್ರ ಗುರುವಾರದ ಮಧ್ಯಾಹ್ನ ನೆನಪಾಗುತ್ತದೆ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಸಂಜೆ ಚರ್ಚಿನಲ್ಲಿ ಫಾದರ್ ಕಾಲು ತೊಳೆಯಲಿದ್ದ ಹನ್ನೆರಡು ಜನರಲ್ಲಿ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪನೂ ಒಬ್ಬರು. ಅವರು ನಲ್ಲಿಯ ಬಳಿ ಕೂತು ಹಿಮ್ಮಡಿಗೆ ಆ ಸೋಪು ಹಚ್ಚಿ ಕಲ್ಲಿನಿಂದ ಉಜ್ಜುತ್ತಿದ್ದರು.

"ಎಲ್ಲಾ ನೀವೇ ತೊಳ್ಕೊಂಡ್ರೆ ಫಾದರಿಗೇನು ಕೆಲಸ?" ಎಂದು ಅಮ್ಮ ನಕ್ಕಳು.

ಚರ್ಚಿನಲ್ಲಿ ಅಪ್ಪನ ಪಕ್ಕ ಕೂತವನು ಎಸ್ಟೇಟ್ ಕೂಲಿಗಳ ಲೈನ್‌ಮನೆಯ ಅಂತೋಣಿ. ಹಿಂದಿನ ದಿನವಷ್ಟೇ ಅಪ್ಪ ಅವನನ್ನು ಎಲ್ಲರೆದುರು ಕಳ್ಳನೆಂದು ಬೈದಿದ್ದರು. ಮಂಡಿನೋವಿನ ಫಾದರ್ ಚೊಂಬನ್ನು ಅಪ್ಪನ ಕೈಗೆ ಕೊಟ್ಟರು. "ರೈಟರೇ, ಅಂತೋಣಿದು ನೀವೇ ತೊಳೀರಿ."

ಅಪ್ಪ ಬಗ್ಗಿ, ಮಣ್ಣು ಮೆತ್ತಿದ ಆ ಕಾಲನ್ನು ಹಿಡಿದದ್ದು ನನಗೆ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ.

"ಎಲ್ಲಿ ಹಿಡಿದ್ರು? ಚೊಂಬು ಇಟ್ಟು ಎದ್ದು ಹೋದ್ರು ಕಣೋ," ಎನ್ನುತ್ತಾಳೆ ಅಮ್ಮ.

ದೇವರಿದ್ದಾನೆ ಎನ್ನುವವರಿಂದ ಸಾಕ್ಷಿ ಕೇಳುವ ನಾನು, ಇದೊಂದನ್ನು ಮಾತ್ರ ಯಾವ ಸಾಕ್ಷಿಯೂ ಇಲ್ಲದೆ ನಂಬಿ, ಪ್ರತಿ ಸಲ ಅಮ್ಮನ ಮೇಲೆ ರೇಗುತ್ತೇನೆ.